ಕ್ಯೂ ಇದ್ದು ಯು ಇಲ್ಲದ ಪದ

ಇಂಗ್ಲಿಷ್ ಪಾಠ ಮಾಡುವವನಿಗೆ ಇಂಗ್ಲಿಷ್ ಬರುತ್ತದೆ ಎಂದು ಜನ ಯಾಕೆ ನಂಬುತ್ತಾರೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಬಸ್ ಓಡಿಸುವವನಿಗೆ ಬಸ್ ಕಟ್ಟಲೂ ಬರಬೇಕೆಂದು ಯಾರೂ ಹಟ ಹಿಡಿಯುವುದಿಲ್ಲ. ಕೂದಲು ಕಪ್ಪಗಿದ್ದ ಕಾಲದಲ್ಲಿ ಹುಣಸೂರಿನ ಕಾಲೇಜೊಂದಕ್ಕೆ ಇಂಗ್ಲಿಷ್ ಉಪನ್ಯಾಸಕನಾಗಿ ಸೇರಿದವನು ನಾನು. ಈಗ ಕೂದಲಿನ ಬಣ್ಣದ ಪ್ರಶ್ನೆಯೇ ಉಳಿದಿಲ್ಲ. ಇಷ್ಟು ವರ್ಷ ನನ್ನ ಕೈಹಿಡಿದು ಕಾಪಾಡಿದ್ದು ಪಠ್ಯಪುಸ್ತಕದೊಳಗಿನ ಪದಗಳು. ಪಠ್ಯ ಬದಲಾದಾಗ ಒಂದಷ್ಟು ಹೊಸ ಪದ ಕಲಿಯುತ್ತೇನೆ, ಅವುಗಳಿಗೆ ಜಾಗ ಬೇಕಲ್ಲ ಎಂದು ಹಳೆಯವನ್ನು ಮರೆಯುತ್ತೇನೆ. ಅದೂ ಅಲ್ಲದೆ, ಪದಗಳನ್ನು ನಾವು ಬಲ್ಲದ್ದು ಅವುಗಳ ಮುಖ ನೋಡಿ, ಅವು ಮಾಡುವ ಕೆಲಸ ನೋಡಿ. ಹೊಟ್ಟೆಯಲ್ಲಿ ಎಕ್ಸ್ ಇರುವ, ಬಾಲದಲ್ಲಿ ವೈ ಇರುವ ಪದ ಯಾವುದು ಎಂದು ಯಾರಾದರೂ ಕೇಳಿದರೆ, ನಿಮ್ಮ ಬೀದಿಯಲ್ಲಿ ಎಡಗಾಲಿನ ಕಿರುಬೆರಳ ಮೇಲೆ ಮಚ್ಚೆ ಇರುವವರು ಯಾರು ಎಂದು ಕೇಳಿದಂತಾಗುತ್ತದೆ. ಬೀದಿಯವರೆಲ್ಲ ಗೊತ್ತು, ದಿನಾ ನಮಸ್ಕಾರ ಇದೆ. ಆದರೆ ಅವರ ಕಾಲ್ಬೆರಳನ್ನು ಯಾರು ನೋಡಿದ್ದಾರೆ? ಇಂಥ ಪ್ರಶ್ನೆಯನ್ನು ಕೇಳುವುದನ್ನೇ ಕಸುಬಾಗಿಸಿಕೊಂಡ ಒಬ್ಬ ಮಹನೀಯರು ಭೂಮಿಯ ಮೇಲಿದ್ದರು. ಇದ್ದದ್ದು ದೂರದಲ್ಲೇನೂ ಅಲ್ಲ, ಪಿರಿಯಾಪಟ್ಟಣದಾಚೆ, ಕೊಪ್ಪದ ಹತ್ತಿರದ ಒಂದು ಹಳ್ಳಿಯಲ್ಲಿ. ನನ್ನ ಗ್ರಹಚಾರಕ್ಕೆ ಅವರು ನನ್ನ ಬೀಗರಾದರು.

ಹೆಸರು ನಿಂಗೇಗೌಡರು. ದನದ ಡಾಕ್ಟರಾಗಿ ಸರ್ಕಾರದ ನೌಕರಿ ಮುಗಿಸಿ ಊರಿಗೆ ಬಂದು ನೆಲೆಸಿದವರು. ಮಗ ಪಿರಿಯಾಪಟ್ಟಣದಲ್ಲಿ ರಸಗೊಬ್ಬರದ ಅಂಗಡಿ ನಡೆಸುತ್ತಾನೆ. ಆ ಹುಡುಗನಿಗೆ ನಮ್ಮ ಮಗಳು ಸೌಮ್ಯಳನ್ನು ನೋಡಲು ಬಂದ ದಿನ ಗೌಡರು ಜಾತಕ ಕೇಳಲಿಲ್ಲ, ವರೋಪಚಾರದ ಮಾತೆತ್ತಲಿಲ್ಲ. ಉಪ್ಪಿಟ್ಟು ತಿಂದು, ಕೈತೊಳೆದು, ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, "ಬೀಗ್ರೇ, ಕ್ಯೂ ಇದ್ದು ಯು ಇಲ್ಲದ ಇಂಗ್ಲಿಷ್ ಪದ ಒಂದು ಹೇಳಿ ನೋಡೋಣ" ಎಂದರು. ಇನ್ನೂ ಮಾತುಕತೆಯೇ ಆಗಿಲ್ಲ, ಆಗಲೇ ಬೀಗರೇ ಎಂದು ಕರೆದುಬಿಟ್ಟರಲ್ಲ ಎಂಬ ಸಂತೋಷದಲ್ಲಿ ನಾನು ಪ್ರಶ್ನೆಯ ಆಳವನ್ನು ಗಮನಿಸಲಿಲ್ಲ. "ಕ್ಯೂ ಅಂದ್ರೆ ನನಗೆ ರೇಷನ್ ಅಂಗಡಿ ಒಂದೇ ನೆನಪಾಗೋದು ಗೌಡ್ರೇ" ಎಂದು ನಕ್ಕುಬಿಟ್ಟೆ. ಅವರು ತೊಡೆ ತಟ್ಟಿಕೊಂಡು ನಕ್ಕರು. ದೊಡ್ಡ ವಿದ್ವಾಂಸರು ಹೀಗೇ, ಗೊತ್ತಿದ್ದನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ ಎಂದು ಅವರು ತೀರ್ಮಾನಿಸಿದ್ದು ನನಗೆ ಆಮೇಲೆ ತಿಳಿಯಿತು. ಮದುವೆ ಸಾಂಗವಾಗಿ ನಡೆಯಿತು. ನನ್ನ ಹೆಂಡತಿ ನಾಗರತ್ನ ಎಲ್ಲರೆದುರೂ, "ನಮ್ಮನೆಯವ್ರಿಗೆ ಡಿಕ್ಷನರಿ ಬಾಯಿಪಾಠ" ಎಂದು ಹೇಳಿಕೊಂಡು ತಿರುಗಿದಳು. ತಡೆಯಬಹುದಿತ್ತು. ಹೆಂಡತಿ ಹೊಗಳುವುದು ಎಷ್ಟು ಅಪರೂಪ ಎಂಬುದನ್ನು ನೆನೆದು ಸುಮ್ಮನಿದ್ದೆ.

ಮದುವೆಯಾದ ಮೇಲೆ ಮೊದಲ ಸಲ ಬೀಗರ ಮನೆಗೆ ಊಟಕ್ಕೆ ಹೋದಾಗ ಕಾಫಿ ಬರುವ ಮೊದಲೇ ಒಂದು ಹಲಗೆ ಬಂತು. ಆ ಆಟ ಕಾಣದವರಿಗೆ ಒಂದು ಮಾತು: ಚೌಕಳಿ ಹಾಸು, ಒಂದು ಬಟ್ಟೆಚೀಲ, ಚೀಲದ ತುಂಬ ಇಂಗ್ಲಿಷ್ ಅಕ್ಷರ ಬರೆದ ಪುಟ್ಟ ಬಿಲ್ಲೆಗಳು. ನೋಡದೆ ಕೈಹಾಕಿ ಏಳು ಬಿಲ್ಲೆ ತೆಗೆದುಕೊಂಡು, ಹಾಸಿನ ಮೇಲೆ ಪದ ಕಟ್ಟಬೇಕು. ಕ್ಯೂ, ಝಡ್, ಎಕ್ಸ್‌ನಂಥ ಮೊಂಡ ಅಕ್ಷರಗಳಿಗೆ ಹೆಚ್ಚು ಅಂಕ. ಗೌಡರು ಇದನ್ನು ಓದುವ ಕಾಲದಲ್ಲಿ ಹಾಸ್ಟೆಲಿನಲ್ಲಿ ಕಲಿತವರಂತೆ. ನೌಕರಿ ಮಾಡಿದ ಊರಲ್ಲೆಲ್ಲ ಜೊತೆಗಾರರಿಲ್ಲದೆ, ಎಡಗೈಗೂ ಬಲಗೈಗೂ ಪಂದ್ಯ ಇಟ್ಟು ಒಬ್ಬರೇ ಆಡಿದವರಂತೆ. "ಈಗ ನೀವು ಸಿಕ್ರಿ ಬೀಗ್ರೇ, ಇನ್ನು ನನಗೆ ಕೊರತೆ ಇಲ್ಲ" ಎಂದು ಅವರು ಹೇಳಿದಾಗ ಅವರ ಕಣ್ಣಿನಲ್ಲಿದ್ದ ಬೆಳಕನ್ನು ನೋಡಿ ನಾನು ಬಾಗಿಲ ಕಡೆಗೊಮ್ಮೆ ಕಣ್ಣು ಹಾಯಿಸಿದೆ. ಅವರು ಮೊದಲಿಗೇ ಝಡ್, ಎ, ಎಕ್ಸ್ ಮೂರನ್ನು ಸಾಲಾಗಿ ಇಟ್ಟರು. ಏನೋ ಕೈತಪ್ಪಿ ಬಿದ್ದಿದೆ ಎಂದುಕೊಂಡೆ. ಚಾವಣಿಗೆ ಹೊದಿಸುವ ಕಲ್ಲುಹಲಗೆಯನ್ನು ಕಡಿಯುವ ಆಯುಧವಂತೆ ಅದು. ನನ್ನ ಇಡೀ ಸೇವಾವಧಿಯಲ್ಲಿ ಯಾವ ಪಾಠದಲ್ಲೂ ಯಾರೂ ಕಲ್ಲುಹಲಗೆ ಕಡಿದಿರಲಿಲ್ಲ.

ನನ್ನ ಕೈಯಲ್ಲಿದ್ದ ಅಕ್ಷರಗಳನ್ನು ತಿರುಗಿಸಿ, ಮುರುಗಿಸಿ, ಬೆವರು ಒರೆಸಿಕೊಂಡು ಕೊನೆಗೆ ಆರ್, ಎ, ಜಿ, ಐ ಎಂದು ಇಟ್ಟೆ. ಗೌಡರು ಕನ್ನಡಕ ಏರಿಸಿದರು. "ರಾಗಿ! ರಾಗಿ ಇಂಗ್ಲಿಷ್ ಪದವಾ ಬೀಗ್ರೇ? ನೀವೇ ಇಂಗ್ಲಿಷ್ ಮೇಷ್ಟ್ರು. ನೀವು ಹೂಂ ಅಂದ್ರೆ ಹೂಂ, ಊಹೂಂ ಅಂದ್ರೆ ಊಹೂಂ." ಅಡುಗೆಮನೆಯ ಬಾಗಿಲಲ್ಲಿ ಸೌಮ್ಯ ನಿಂತಿದ್ದಳು, ಅವಳ ಅತ್ತೆ ನಿಂತಿದ್ದರು, ನಾಗರತ್ನ ನಿಂತಿದ್ದಳು. ಹುಟ್ಟಿದಾಗಿನಿಂದ ತಿಂದು ಬೆಳೆದ ರಾಗಿಯನ್ನು ಇಂಗ್ಲಿಷ್ ಎಂದು ಸಾಧಿಸಿದರೆ ನನ್ನ ಘನತೆ ಏನಾಗಬೇಕು? "ಇಲ್ಲ ಬಿಡಿ, ತಮಾಷೆಗೆ ಇಟ್ಟೆ" ಎಂದು ವಾಪಸು ತೆಗೆದುಕೊಂಡೆ. ಸಂಜೆ ಹುಣಸೂರಿಗೆ ಬಂದು, ಚಪ್ಪಲಿ ಕೂಡ ಬಿಡದೆ, ಕಪಾಟಿನ ದಪ್ಪ ನಿಘಂಟನ್ನು ತೆಗೆದು ನೋಡಿದೆ. ರಾಗಿ ಇತ್ತು. ಅರ್ಥಸಮೇತ ಇತ್ತು. ನಮ್ಮ ಹೊಲದ ರಾಗಿಗೆ ಇಂಗ್ಲಿಷಿನವರು ಜಾಗ ಕೊಟ್ಟಿದ್ದರು, ನಾನು ಕೊಟ್ಟಿರಲಿಲ್ಲ.

ಪ್ರತಿ ಭಾನುವಾರ ನಡೆಯತೊಡಗಿದ ಆಟ ಅಲ್ಲಿಗೇ ಮುಗಿದಿದ್ದರೆ ಹೇಗೋ ಬದುಕಿಕೊಳ್ಳುತ್ತಿದ್ದೆ. ಗೌಡರು ಎರಡೂ ಮನೆಯವರಿರುವ ವಾಟ್ಸಾಪ್ ಗುಂಪಿಗೆ ಬೆಳಿಗ್ಗೆ ಬೆಳಿಗ್ಗೆಯೇ ಏಳು ಅಕ್ಷರ ಹಾಕಿ, "ಬೀಗರಿಗೆ ಮಾತ್ರ. ಉಳಿದವರು ಸುಮ್ಮನಿರಿ" ಎಂದು ಬರೆಯತೊಡಗಿದರು. ಉಳಿದವರು ಎಂದೂ ಅಷ್ಟು ಸುಮ್ಮನಿದ್ದವರಲ್ಲ, ಇದೊಂದಕ್ಕೆ ಮಾತ್ರ ವಿಧೇಯರಾಗಿ ಕಾದು ಕೂರುತ್ತಿದ್ದರು. ಹಲ್ಲುಜ್ಜುವಾಗ ಅಕ್ಷರ, ಸ್ನಾನಕ್ಕೆ ನಿಂತರೆ ಅಕ್ಷರ. ಹಾಜರಿ ಕೂಗುವಾಗ ಝೀನತ್ ಎಂಬ ಹುಡುಗಿಯ ಹೆಸರು ಬಂದರೆ, ಆಹಾ ಝಡ್ ಎಂದು ಅಲ್ಲೇ ನಿಂತುಬಿಡುತ್ತಿದ್ದೆ. ಬಸ್ ನಿಲ್ದಾಣದಲ್ಲಿ ಬೋರ್ಡು ಓದುತ್ತ ಹೊಸ ದುಃಖವೊಂದು ಹುಟ್ಟಿತು. ನಮ್ಮ ಸೀಮೆಯ ಊರುಗಳೇ ಬಿಲ್ಲೆ ಹಿಡಿದು ನಿಂತಂತಿವೆಯಲ್ಲ! ಕೆ.ಆರ್. ನಗರ, ಎಚ್.ಡಿ. ಕೋಟೆ. ಕೆ, ಆರ್, ಎಚ್, ಡಿ. ಎಷ್ಟು ಹೊತ್ತು ಜೋಡಿಸಿದರೂ ಒಂದು ಪದವಾಗಲಿಲ್ಲ. ನಡುವೆ ಒಂದು ಸ್ವರವನ್ನಾದರೂ ಇಡಬಾರದಿತ್ತೇ ಎಂದು, ಊರಿಗೆ ಹೆಸರಿಟ್ಟವರನ್ನು ಬೈದುಕೊಳ್ಳುವಷ್ಟರಲ್ಲಿ ನಾನು ಹತ್ತಬೇಕಿದ್ದ ಬಸ್ ಹೊರಟುಹೋಯಿತು.

ಕ್ಯೂ ಅಕ್ಷರದ ವಿಷಯದಲ್ಲಿ ಮಾತ್ರ ಹಟ ಹಿಡಿದು ಅಧ್ಯಯನ ಮಾಡಿದೆ. ಯು ಇಲ್ಲದೆ ಕ್ಯೂ ಒಂದೇ ಬರುವ ಪದಗಳು ಇಂಗ್ಲಿಷಿನಲ್ಲಿ ಇದ್ದೇ ಇವೆ, ಹೆಚ್ಚಿನವು ಅರಬ್ಬಿ, ಪಾರಸಿ ಕಡೆಯಿಂದ ಬಂದವು. ನನ್ನ ಹಳೆಯ ಸಹಪಾಠಿ ಇನಾಯತ್‌ಗೆ ನಮ್ಮ ಬೀದಿಯ ಕೊನೆಯಲ್ಲಿ ಮರದ ಪೀಠೋಪಕರಣದ ಅಂಗಡಿಯಿದೆ. ಅಲ್ಲಿ ಕುಳಿತು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ: ಖಾಜಿ, ಫಕೀರ್, ನಿಖಾಬ್. ಇನಾಯತ್ ಮಂಚದ ಕಾಲಿಗೆ ಪಾಲಿಷ್ ಹಚ್ಚುತ್ತಿದ್ದವನು ತಲೆಯೆತ್ತಿದ. "ಏನೋ ಇದು ಮೇಷ್ಟ್ರೇ, ಇವೆಲ್ಲಾ ನಮ್ಮನೇಲಿ ದಿನಾ ಆಡೋ ಮಾತು ಕಣೋ. ಇದು ಇಂಗ್ಲಿಷ್ ಆದ್ರೆ ನಮ್ಮಜ್ಜಿ ದೊಡ್ಡ ಇಂಗ್ಲಿಷ್ ಪಂಡಿತೆ ಆಗಿದ್ರು ಬುಡು!" ಎಂದ. ಅವನ ಅಜ್ಜಿಯ ಭಾಷೆಯನ್ನು ತಲೆಯಲ್ಲಿ ತುಂಬಿಕೊಂಡು ಭಾನುವಾರ ಹೋದೆ. ಆ ದಿನ ಕ್ಯೂ ಗೌಡರ ಕೈಗೆ ಬಂತು. ಜೊತೆಗೆ ಯು ಕೂಡ ಅವರ ಕೈಗೇ ಬಂತು. ನನಗೆ ಬಂದದ್ದು ಬರೀ ಐ ಎಂಬ ಅಕ್ಷರಗಳು, ಬೇಲಿಗೂಟ ನೆಟ್ಟ ಹಾಗೆ ಸಾಲಾಗಿ.

ಇಷ್ಟಾದ ಮೇಲೆ, ಅಕ್ಷರ ಕೊಟ್ಟರೆ ಪದ ಹುಡುಕಿಕೊಡುವ ವೆಬ್‌ಸೈಟುಗಳಿವೆ ಎಂದು ಕಾಲೇಜಿನ ಸಹೋದ್ಯೋಗಿಯೊಬ್ಬರು ಹೇಳಿದಾಗ ನನಗೆ ದೇವರೇ ಕಣ್ಣುಬಿಟ್ಟಂತಾಯಿತು. ತೊಂದರೆ ಏನೆಂದರೆ, ಬೀಗರ ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಹಿತ್ತಲಿನ ಕೊಟ್ಟಿಗೆಯಾಚೆ, ಗೊಬ್ಬರದ ಗುಂಡಿಯ ಏರಿಯ ಮೇಲೆ ನಿಂತು ಕೈ ಮೇಲೆತ್ತಿದರೆ ಮಾತ್ರ ಎರಡು ಕಡ್ಡಿ ಬರುತ್ತದೆ. ಅದೃಷ್ಟಕ್ಕೆ ಶೌಚಾಲಯವೂ ಅದೇ ದಿಕ್ಕಿಗೆ. ಮುಂದಿನ ಭಾನುವಾರ ಪ್ರತಿ ಸರದಿಗೂ, "ಒಂದ್ನಿಮಿಷ ಬಂದೆ ಬೀಗ್ರೇ" ಎಂದು ಎದ್ದು ಹೋಗುವುದು, ಗುಂಡಿಯ ಮೇಲೆ ನಿಂತು ಅಕ್ಷರ ಒತ್ತುವುದು, ಬಂದ ಪದವನ್ನು ಮರೆಯದಂತೆ ಜಪಿಸುತ್ತ ವಾಪಸು ಬರುವುದು. ದಾರಿಯಲ್ಲಿ ಎಮ್ಮೆ ಒಮ್ಮೆ ಕೂಗಿದ್ದಕ್ಕೆ ಎಂಟಕ್ಷರದ ಪದವೊಂದು ಹಾರಿಹೋಯಿತು, ಮತ್ತೆ ಹೋಗಿಬಂದೆ. ಜೀವನದಲ್ಲಿ ಮೊದಲ ಬಾರಿ ನಾನು ಮುಂದಿದ್ದೆ. ಒಳಗಿನಿಂದ ನಾಟಿಕೋಳಿ ಸಾರಿನ ಪರಿಮಳ ಬರುತ್ತಿತ್ತು. ಗೆಲುವೂ ಕೋಳಿಯೂ ಒಂದೇ ದಿನ ಸಿಗುವುದೆಂದರೆ ಏನು ಸಾಮಾನ್ಯವೇ!

ಎಲೆಯ ಮುಂದೆ ಕೂತಾಗ ಎಲ್ಲರಿಗೂ ಮುದ್ದೆ, ಕೋಳಿಸಾರು ಬಂತು. ನನಗೆ ಒಂದು ಬಟ್ಟಲು ಅಕ್ಕಿಗಂಜಿ, ಪಕ್ಕದಲ್ಲಿ ಉಪ್ಪು ಹಾಕಿದ ಮಜ್ಜಿಗೆ. ಬೀಗಿತ್ತಿಯವರು ಬಹಳ ಮರ್ಯಾದೆಯಿಂದ ಸಣ್ಣ ದನಿಯಲ್ಲಿ, "ನಾಚ್ಕೋಬ್ಯಾಡಿ ಅಣ್ಣ. ನಾನ್ ಆಗ್ಲಿಂದ ನೋಡ್ತಾನೇ ಇವ್ನಿ, ನೀವು ಇತ್ಲು ಕಡೀಕೆ ಓಗಿಬಂದು ಓಗಿಬಂದು ಸುಸ್ತಾಗಿದೀರ. ಒಟ್ಟೆ ಕೆಟ್ಟಾಗ ಕೋಳಿ ತಿನ್ಬಾರ್ದು" ಎಂದರು. ಗೌಡರು ತಮ್ಮ ವೃತ್ತಿಯ ಗಾಂಭೀರ್ಯದಿಂದ, "ನಮ್ಮಲ್ಲಿ ಇಂಥ ಕೇಸಿಗೆ ಎರಡು ದಿನ ಹಸಿ ಮೇವು ನಿಲ್ಲಿಸ್ತೀವಿ" ಎಂದು ಸೇರಿಸಿದರು. ಹೊಟ್ಟೆ ಸರಿಯಾಗಿದೆ ಎಂದರೆ ಹಿತ್ತಲಿಗೆ ಯಾಕೆ ಹೋದೆ ಎಂದು ಹೇಳಬೇಕು. ಗಂಜಿ ಕುಡಿದೆ. ನಾಗರತ್ನ ನನ್ನ ಎದುರೇ ಕೂತು ಕೋಳಿಯ ಕಾಲನ್ನು ಸಾವಕಾಶವಾಗಿ ಬಿಡಿಸಿ ತಿಂದಳು. ಅವಳಿಗೆ ಎಲ್ಲ ಗೊತ್ತಿತ್ತು, ಅಡುಗೆಮನೆಯ ಕಿಟಕಿಯಿಂದ ಕೈ ಮೇಲೆತ್ತಿ ನಿಂತ ನನ್ನನ್ನು ನೋಡಿದ್ದಳು.

ಇದಾಗಿ ಕೆಲವು ತಿಂಗಳಿಗೆ ಒಂದು ಬೆಳಿಗ್ಗೆ ಗುಂಪಿನಲ್ಲಿ ಅಕ್ಷರಗಳು ಬರಲಿಲ್ಲ. ಮೊದಲು ನನಗೆ ಹಬ್ಬದಂತಾಯಿತು, ಒಪ್ಪಿಕೊಳ್ಳುತ್ತೇನೆ. ಸ್ವಲ್ಪ ಹೊತ್ತಿಗೆ ಸೌಮ್ಯಳ ಫೋನ್ ಬಂತು. ಮಾವನಿಗೆ ಲಕ್ವ ಹೊಡೆದಿದೆ, ಮೈಸೂರಿಗೆ ಕರೆದೊಯ್ಯುತ್ತಿದ್ದೇವೆ ಎಂದಳು. ದೇವರು ದೊಡ್ಡವನು, ಕೈಕಾಲು ಉಳಿಯಿತು. ಆದರೆ ಮಾತು ಮುಗ್ಗರಿಸಿತು. ಹೇಳಬೇಕಾದ್ದು ತಲೆಯಲ್ಲಿರುತ್ತದೆ, ಅದರ ಹೆಸರು ಮಾತ್ರ ನಾಲಗೆಗೆ ಬರುವುದಿಲ್ಲ. ಮನೆಗೆ ಬಂದ ಮೇಲೆ ನೋಡಲು ಹೋದೆವು. ಊಟದ ಹೊತ್ತಿಗೆ ಸೌಟು ಬೇಕಾಗಿ ಗಾಳಿಯಲ್ಲಿ ಕೈ ತಿರುವುತ್ತ, "ಅದು... ಅದೇ... ಅದು" ಎಂದು ಕಷ್ಟಪಡುತ್ತಿದ್ದರು. ಸೌಮ್ಯ ನನ್ನನ್ನು ಜಗಲಿಗೆ ಕರೆದಳು. "ಅಪ್ಪ, ಡಾಕ್ಟರು ಮಾತಾಡಿಸ್ತಾ ಇರಿ, ಇಷ್ಟವಾದ ಆಟ ಆಡಿಸಿ ಅಂದಿದಾರೆ. ನೀನು ತಪ್ಪದೆ ಬಂದು ಆಡ್ಬೇಕು." ಅವಳ ಕಣ್ಣು ತುಂಬಿತ್ತು. ಆ ಕ್ಷಣದಲ್ಲಿ ನಾನೊಂದು ಉದಾತ್ತ ತೀರ್ಮಾನ ಮಾಡಿದೆ. ಇನ್ನು ಮೇಲೆ ಬೀಗರ ಎದುರು ಬೇಕೆಂದೇ ಸೋಲುತ್ತೇನೆ. ಅವರಿಗೆ ಧೈರ್ಯ ಬರಲಿ.

ಸೋಲಲು ನಾನು ಏನೂ ಶ್ರಮಪಡಬೇಕಾಗಲಿಲ್ಲ. ಗೌಡರು ನಿಧಾನವಾಗಿ ಆಡುತ್ತಿದ್ದರು, ಆದರೂ ಅವರೇ ಗೆಲ್ಲುತ್ತಿದ್ದರು. ಬಿಟ್ಟುಕೊಡೋಣ ಎಂದು ಕಾದು ಕುಳಿತವನ ಹತ್ತಿರ ಬಿಟ್ಟುಕೊಡಲು ಏನಾದರೂ ಇರಬೇಕಲ್ಲ! ಒಂದು ಭಾನುವಾರ ಕೆಂಪಯ್ಯ ಎಂಬ ರೈತ ಕರುವೊಂದನ್ನು ತೋರಿಸಲು ಬಂದು, ಜಗಲಿಯ ಕೆಳಗೆ ಕೂತು ನಮ್ಮ ಆಟ ನೋಡುತ್ತಿದ್ದ. ಗೌಡರು ಬಹಳ ಹೊತ್ತು ಯೋಚಿಸಿ ಡಿ, ಝಡ್, ಓ ಎಂಬ ಮೂರು ಅಕ್ಷರಗಳನ್ನು ಇಟ್ಟರು. ಡಿ ಪಕ್ಕದಲ್ಲಿ ಝಡ್! ಅಯ್ಯೋ, ಅಕ್ಷರಗಳೂ ಕೈಬಿಟ್ಟವಲ್ಲ ಇವರನ್ನು. ಕಣ್ಣೊರೆಸಿಕೊಂಡು, ನಗು ತಂದುಕೊಂಡು, "ಬಹಳ ಚೆನ್ನಾಗಿದೆ ಬೀಗ್ರೇ, ಬಹಳ ಚೆನ್ನಾಗಿದೆ" ಎಂದು ಅಂಕ ಬರೆದುಕೊಂಡೆ.

ಗೌಡರು ನನ್ನನ್ನೇ ನೋಡಿದರು. "ಅ... ಅರ್ಥ?" ಎಂದರು.

"ನೀವು ಇಟ್ಟ ಮೇಲೆ ಅರ್ಥ ಇದ್ದೇ ಇರುತ್ತೆ ಬಿಡಿ."

ಅವರು ತಾವೇ ಹೇಳಲು ಹೊರಟರು. ಬಾಯಿ ತೆರೆದರು, ಪದ ಬರಲಿಲ್ಲ. ಕೊಟ್ಟಿಗೆಯ ಕಡೆ ಕೈ ತೋರಿಸಿ, "ಅದು... ಅದು..." ಎಂದರು. ಕೆಂಪಯ್ಯ ಎದ್ದು ನಿಂತ. "ಅಸ! ಅಸ ಅಂತಾವ್ರೆ ಕಣ್ ಸ್ವಾಮಿ." ಹೌದು ಎಂದು ತಲೆಯಾಡಿಸಿದರು. ಜೀವಮಾನವಿಡೀ ಹಸುವಿನ ಮೈ ತಡವಿದವರಿಗೆ ಹಸು ಎಂಬ ಮಾತು ಸಿಗದೆ ಒಬ್ಬ ರೈತ ಎತ್ತಿಕೊಡಬೇಕಾಯಿತು. ಆಮೇಲೆ ಪಕ್ಕೆಯಿಂದ ನೆಲದವರೆಗೆ ಕೈ ಇಳಿಬಿಟ್ಟು ಏನೋ ಜೋತಾಡುವ ಕೂದಲನ್ನು ತೋರಿಸಿದರು. ಯಾರಿಗೂ ತಿಳಿಯಲಿಲ್ಲ. ಅಷ್ಟರಲ್ಲಿ ಸೌಮ್ಯ ಒಳಗಿನಿಂದ ನನ್ನ ಹಳೆಯ ನಿಘಂಟನ್ನೇ ಹಿಡಿದು ಬಂದಳು. ನಾನು ಅವಳಿಗೆ ಕೊಟ್ಟಿದ್ದು, ರಾಗಿಯ ಪ್ರಸಂಗವಾದ ಮೇಲೆ ಅದು ನನ್ನ ಕಣ್ಣೆದುರು ಇರುವುದು ಬೇಡವೆಂದು. "ಇದೆ ಅಪ್ಪ. ಹಸುಗೂ ಯಾಕ್‌ಗೂ, ಅದೇ ಚಮರೀಮೃಗಕ್ಕೂ, ಹುಟ್ಟೋ ತಳಿಯಂತೆ. ಟಿಬೆಟ್ ಕಡೇದು" ಎಂದಳು. ಬೈಲುಕುಪ್ಪೆಯ ಟಿಬೆಟಿನವರ ದನಗಳಿಗೆ ಮದ್ದು ಮಾಡುತ್ತಿದ್ದ ಕಾಲದಲ್ಲಿ ಗೌಡರು ಈ ಹೆಸರು ಕೇಳಿದ್ದಿರಬೇಕು.

ಗೌಡರ ಮುಖ ಕೆಂಪಾಯಿತು. ಒಂದೊಂದೇ ಮಾತನ್ನು ಎಳೆದು ತಂದರು. "ನಿಮಗೆ... ಗೊತ್ತಿರ್ಲಿಲ್ಲ. ಆದ್ರೂ... ಚೆನ್ನಾಗಿದೆ ಅಂದ್ರಿ." ನಾನು ಅಂಕ ಬರೆದ ಹಾಳೆಯನ್ನು ಮಗುಚಿಟ್ಟೆ. "ಹಿಂದಿನ ಆಟಾನೂ... ಹಿಂಗೇ ಸೋತ್ರಾ? ಅಯ್ಯೋ ಪಾಪ... ಅಂತ?" ನಾನು ಹೌಹಾರಿ, "ಇಲ್ಲ ಬೀಗ್ರೇ, ಸತ್ಯವಾಗ್ಲೂ ನನಗೆ ಬರೋದೇ ಇಷ್ಟು" ಎಂದೆ. ಅದು ಅವರಿಗೆ ಇನ್ನೂ ದೊಡ್ಡ ಕರುಣೆಯಂತೆ ಕೇಳಿಸಿತು. ಹಾಸನ್ನು ಮಗುಚಿ ಎದ್ದುಹೋದರು. ಬಿಲ್ಲೆಗಳು ಜಗಲಿಯಿಂದುರುಳಿ ಅಂಗಳದ ತುಂಬ ಚೆಲ್ಲಿದವು. ಕೆಂಪಯ್ಯ ಒಂದೊಂದನ್ನೇ ಆರಿಸಿ ಟವಲಿನಲ್ಲಿ ಹಾಕಿಕೊಳ್ಳುತ್ತ, "ಬುಡಿ ಸ್ವಾಮಿ, ಡಾಕ್ಟ್ರುಗೆ ಈ ನಡ್ವೆ ಸಿಟ್ಟು ಜಾಸ್ತಿ" ಎಂದು ನನಗೆ ಸಮಾಧಾನ ಹೇಳಿದ.

ಸಿಟ್ಟು ಇಳಿಯಲಿಲ್ಲ. ಮುಂದಿನ ವಾರಗಳಲ್ಲಿ ನಾನು ಹೋದರೆ ಗೌಡರು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ಸೌಮ್ಯ ಫೋನಿನಲ್ಲಿ ಅತ್ತಳು. "ಮಾವ ಆಡೋದೂ ಬಿಟ್ರು, ಮಾತೂ ಬಿಟ್ರು ಅಪ್ಪ. ಏನು ಕೇಳಿದ್ರೂ ಕೈಯಲ್ಲೇ ತೋರಿಸ್ತಾರೆ. ಬಾಯಿ ತೆರೆದ್ರೆ ಎಲ್ರೂ ಅಯ್ಯೋ ಪಾಪ ಅಂತಾರೆ ಅಂದ್ಕೊಂಡಿದಾರೆ." ರೂಢಿ ತಪ್ಪಿದರೆ ಬಂದ ಮಾತೂ ಹೋಗಿಬಿಡಬಹುದು ಎಂದು ಡಾಕ್ಟರು ಎಚ್ಚರಿಸಿದ್ದರಂತೆ. ನನ್ನ ಸ್ಥಿತಿ ನೋಡಿ. ಮನುಷ್ಯ ತನಗೆ ವಿದ್ಯೆ ಇದೆ ಎಂದು ಸಾಧಿಸಲು ಪ್ರಮಾಣಪತ್ರ ತೋರಿಸಬಹುದು. ತನಗೆ ವಿದ್ಯೆ ಇಲ್ಲ ಎಂದು ಸಾಧಿಸಲು ಏನು ತೋರಿಸಬೇಕು? ನಾನು ಸೋತದ್ದು ನನ್ನ ಸ್ವಂತ ಯೋಗ್ಯತೆಯಿಂದ ಎಂದು ಆಣೆ ಮಾಡಿದರೂ ನಂಬುವವರಿಲ್ಲ. ಗೆದ್ದು ತೋರಿಸೋಣವೆಂದರೆ ಅದೊಂದು ನನ್ನ ಕೈಲಿಲ್ಲ.

ಕೊನೆಗೆ ನಾಗರತ್ನ ಸೆರಗು ಸಿಕ್ಕಿಸಿಕೊಂಡು, "ನಡೀರಿ, ನಾನು ಮಾತಾಡ್ತೀನಿ" ಎಂದು ಹೊರಟಳು. ಬೀಗರ ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಕೂತಳು. ಗೌಡರು ಗೋಡೆ ನೋಡುತ್ತಿದ್ದರು.

"ಅಣ್ಣಾ, ಇವ್ರು ಬೇಕಂತ ಸೋತ್ರು ಅಂತ ನೀವು ಬೇಜಾರ್ ಮಾಡ್ಕೊಂಡಿದೀರಂತೆ. ಬೇಕಂತ ಸೋಲ್ಬೇಕಾದ್ರೂ ಗೆಲ್ಲೋಕ್ ಬರ್ಬೇಕಲ್ವಾ ಅಣ್ಣ? ಇವ್ರಿಗೆ ಅಷ್ಟು ಬುದ್ಧಿ ಎಲ್ಲಿಂದ ಬರ್ಬೇಕು?"

ಗೋಡೆಯ ಕಡೆಗಿದ್ದ ತಲೆ ಸ್ವಲ್ಪ ಅಲುಗಿತು. ನಾಗರತ್ನ ಮುಂದುವರಿಸಿದಳು. ನಾನು ಸಾಮಾನ್ಯ ಪದಕ್ಕೂ ಅವಳನ್ನೇ ಸ್ಪೆಲಿಂಗ್ ಕೇಳುವುದು, ಬೆಳಗಿನ ಏಳು ಅಕ್ಷರಕ್ಕೆ ಹೆದರಿ ಫೋನನ್ನು ಅಕ್ಕಿಡಬ್ಬದಲ್ಲಿ ಮುಚ್ಚಿಟ್ಟದ್ದು, ಹೀಗೆ ಒಂದಾದ ಮೇಲೊಂದು ಸಾಕ್ಷಿ ಎಳೆದು ತಂದಳು. ಇಷ್ಟು ವರ್ಷ ನನ್ನ ಮಾನ ಕಾದವಳ ಬಳಿ ಇಷ್ಟೊಂದು ಸರಕು ಇದ್ದೀತೆಂದು ನಾನು ಊಹಿಸಿರಲಿಲ್ಲ. "ಅವತ್ತು ಹಿತ್ಲಿಗೆ ಹೋಗಿ ಹೋಗಿ ಬಂದಿದ್ದು ಯಾಕೆ ಗೊತ್ತಾ ಅಣ್ಣ? ಗೊಬ್ಬರದ ಗುಂಡಿ ಮೇಲೆ ನಿಂತು ಫೋನಲ್ಲಿ ಪದ ಹುಡುಕ್ತಿದ್ರು ಕಣಣ್ಣ!"

ಬೀಗಿತ್ತಿ ಬಾಯಿಗೆ ಕೈ ಹಚ್ಚಿಕೊಂಡರು. "ಅಯ್ಯೋ ಶಿವನೇ, ಅಂಗಾದ್ರೆ ಅಣ್ಣಂಗೆ ಒಟ್ಟೆ ಕೆಟ್ಟೇ ಇರ್ನಿಲ್ವಾ?"

ಗೌಡರು ಈ ಕಡೆ ತಿರುಗಿದರು. ನನ್ನ ಮುಖ ನೋಡಿದರು. ಅದರಲ್ಲಿ ಅವರಿಗೆ ಬೇಕಾದ ಪುರಾವೆ ಸಿಕ್ಕಿರಬೇಕು. ತುಟಿ ನಡುಗಿತು, ಹೊಟ್ಟೆ ಕುಲುಕಿತು. "ಗಂ... ಗಂಜಿ!" ಎಂದರು. "ಗಂಜಿ! ಗಂಜಿ ಕುಡಿದ್ರಿ!" ನಕ್ಕು ನಕ್ಕು ಕೆಮ್ಮು ಬಂತು, ಸೌಮ್ಯ ನೀರು ತಂದುಕೊಟ್ಟು ತಾನೂ ನಗುತ್ತ ಅತ್ತಳು. ಅಂದೇ ಹಾಸು ಹೊರಬಂತು. ನಾನು ಯಥಾಪ್ರಕಾರ ಸೋತೆ. ಈ ಸಲ ಸೋಲಿಗೆ ಮನೆಮಂದಿಯೆಲ್ಲ ಸಾಕ್ಷಿ, ಯಾರಿಗೂ ಅನುಮಾನವಿಲ್ಲ.

ಈಗ ಮತ್ತೆ ಬೆಳಿಗ್ಗೆ ಏಳು ಅಕ್ಷರ ಬರುತ್ತಿವೆ. "ಉಳಿದವರು ಸುಮ್ಮನಿರಿ" ಎಂಬ ಸಾಲು ಹೋಗಿ, "ಬೀಗರಿಗೆ ಯಾರಾದರೂ ಸಹಾಯ ಮಾಡಿ" ಎಂಬ ಸಾಲು ಬಂದಿದೆ. ಭಾನುವಾರ ನನ್ನ ಸರದಿ ಬಂದಾಗ ಗೌಡರು ನನ್ನ ಬಿಲ್ಲೆಗಳನ್ನು ಬಗ್ಗಿ ನೋಡಿ, "ಈ ಎಕ್ಸನ್ನ... ಅಲ್ಲಿ ಇಡಿ... ಅಲ್ಲಲ್ಲ, ಅಲ್ಲಿ" ಎಂದು ತಾಳ್ಮೆಯಿಂದ ಹೇಳಿಕೊಡುತ್ತಾರೆ. ಹೇಳಿಕೊಡುವ ಭರದಲ್ಲಿ ಅವರಿಗೆ ಅರಿವಿಲ್ಲದೆಯೇ ಇಡೀ ವಾಕ್ಯಗಳು ಹೊರಡುತ್ತವೆ. ಸೌಟು, ಹಸು, ಕಳೆದುಹೋಗಿದ್ದ ಹೆಸರುಗಳೆಲ್ಲ ಒಂದೊಂದಾಗಿ ವಾಪಸು ಬಂದಿವೆ. ಕಳೆದ ಸಲ ತೋರಿಸಿದಾಗ ಮೈಸೂರಿನ ಡಾಕ್ಟರು ಬೆರಗಾಗಿ, ಇವರ ಪದಸಂಪತ್ತು ದಿನೇ ದಿನೇ ಸುಧಾರಿಸುತ್ತಿದೆ ಎಂದರಂತೆ. ಅಂದು ನಾನೂ ಜೊತೆಗೆ ಹೋಗಿದ್ದೆ, ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ. ನನ್ನ ಪದಸಂಪತ್ತಿನ ಬಗ್ಗೆ ಅವರು ಏನೂ ಹೇಳಲಿಲ್ಲ.